ಒಂದು ಗೀಟು ಕಡಿಮೆ

ಗುರುವಾರ ಸಂಜೆ ಏಳಕ್ಕೆ ನನ್ನ ಕೆಲಸ ಶುರು.
ಮರದ ಅಟ್ಟಣಿಗೆ, ಕುಂಟುವ ಸ್ಟೂಲು, ಚೂಪು ಮಾಡಿದ ಎರಡು ಪೆನ್ಸಿಲು.
ಯಂತ್ರಗಳು ಎಣಿಸುವ ಕಾಲ ಇನ್ನೂ ಬಂದಿರಲಿಲ್ಲ.
ಒಂದು ಕಾರಿಗೆ ಒಬ್ಬಳು ಹೆಂಗಸು,
ಒಂದು ಸುತ್ತಿಗೆ ಒಂದು ಗೀಟು,
ನಿಂತ ನಾಲ್ಕರ ಮೇಲೆ ಅಡ್ಡ ಬಿದ್ದದ್ದು ಐದನೆಯದು.
ನನ್ನ ಪಾಲಿಗೆ ಬಂದದ್ದು ಅರವತ್ತೆಂಟನೇ ನಂಬರು,
ಆರ್ವಿನ್ ಟೆಶ್ಕೆ.

ಹಗಲು ಅವನು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ,
ವಿಸ್ಕಾನ್ಸಿನ್ನಿನ ಹಿಮ ಕಚ್ಚಿದ ಮಣ್ಣುದಾರಿಗಳಲ್ಲಿ
ಕೊಟ್ಟಿಗೆಯಿಂದ ಕೊಟ್ಟಿಗೆಗೆ, ಮಗು ಎತ್ತಿಕೊಂಡವನ ಹಾಗೆ.
ರಾತ್ರಿ ಅದೇ ಕೈ.
ಮೂರನೇ ತಿರುವಿನಲ್ಲಿ ಗೋಡೆಗೂ ಅವನಿಗೂ ನಡುವೆ
ಒಂದು ಬೆರಳು ತೂರಿದರೆ ಹೆಚ್ಚು.

ಮೊದಲ ಕಾರು ಮಾವನ ಗುಜರಿಯಿಂದ ಎಳೆದು ತಂದ ಶೆವಿ.
ಬಾಗಿಲು ಬೆಸೆದು, ಗಾಜು ಒಡೆದು,
ಯಾರದೋ ಕೊಟ್ಟಿಗೆಗೆ ಬಳಿದು ಮಿಕ್ಕಿದ ಕೆಂಪು ಬಳಿದಿದ್ದ.
ಬಲಗಡೆ ಚೀಸ್ ಕಾರ್ಖಾನೆಯ ಹೆಸರು,
ಎಡಗಡೆ ಊರಿನ ಶವಸಂಸ್ಕಾರದವರದು.
"ನಾನು ಗೆದ್ದರೂ ಅವರಿಗೇ ಲಾಭ, ಗೆಲ್ಲದಿದ್ದರೂ" ಅನ್ನುತ್ತಿದ್ದ.
ಅವನ ಹೆಂಡತಿ ಡೊರೀನ್ ಮಾತ್ರ ಈ ಮಾತಿಗೆ ನಗುತ್ತಿರಲಿಲ್ಲ.

ಎಪ್ಪತ್ತಾರರ ಆಗಸ್ಟು, ನೂರು ಸುತ್ತಿನ ರೇಸು.
ಕೆರೊಲಿನಾದಿಂದ ಬಿಳಿ ಟೋಪಿಯವನೊಬ್ಬ ಬಂದು ಕೂತಿದ್ದಾನೆ,
ದೊಡ್ಡ ತಂಡದವನಂತೆ, ಹುಡುಗರನ್ನು ಆರಿಸಲಿಕ್ಕಂತೆ.
ಅರವತ್ತೆರಡನೇ ಸುತ್ತು. ಎರಡನೇ ತಿರುವಿನಲ್ಲಿ
ಐದು ಕಾರು ಒಂದರ ಮೇಲೊಂದು.
ಅದರಲ್ಲೊಂದು ನನ್ನ ತಮ್ಮ ಲೈಲ್‌ನದು.
ಎದ್ದು ನಿಂತೆ. ಹೊಗೆ. ಹೊಗೆಯೊಳಗಿಂದ
ಲೈಲ್ ಹೆಲ್ಮೆಟ್ ಎಸೆದು ಬಯ್ಯುತ್ತ ಹೊರಬಂದ.
ಉಸಿರು ಬಿಟ್ಟೆ, ಕೂತೆ, ಪೆನ್ಸಿಲು ಎತ್ತಿಕೊಂಡೆ.

ನನ್ನ ಹಾಳೆಯ ಪ್ರಕಾರ ಅವನದು ತೊಂಬತ್ತೊಂಬತ್ತು.
ಆರನೇ ಸ್ಥಾನ.
ಅವನು ಅಟ್ಟಣಿಗೆಯತ್ತ ಒಮ್ಮೆ ನೋಡಿದ,
ತಕರಾರು ಹೇಳಲು ಹತ್ತಿ ಬರಲಿಲ್ಲ.
ಟೋಪಿಯವ ಬೇರೊಬ್ಬನ ಕೈ ಕುಲುಕಿ ಹೋದ.
ಮನೆಯಲ್ಲಿ ಪಾತ್ರೆ ತೊಳೆಯುವಾಗ
ನೊರೆಯ ನಡುವೆ ಕಂಡಿತು:
ಆ ಹೊಗೆಯಡಿಯಲ್ಲಿ ಏನೋ ಕೆಂಪಗೆ
ಹಾದುಹೋಗಿತ್ತಲ್ಲ.

ಆಮೇಲೆ ಇಪ್ಪತ್ತೈದು ವರ್ಷ ಅವನು ಇಲ್ಲೇ ಸುತ್ತಿದ.
ಎರಡು ಸಲ ಕೊರಳೆಲುಬು, ಒಂದು ಸಲ ಮನೆ ಅಡವು.
ಗೆದ್ದ ಕಪ್ಪುಗಳಲ್ಲಿ ಶೆಡ್ಡಿನ ನಟ್ಟು ಬೋಲ್ಟು.
ಹುಡುಗರು ಹಿಂದಿನಿಂದ ಬಂದು ಗುದ್ದಿದರೆ
ಮರುದಿನ ಅವರ ಗ್ಯಾರೇಜಿಗೇ ಹೋಗಿ
ಬ್ರೇಕು ಸರಿಮಾಡಿಕೊಟ್ಟು ಬರುತ್ತಿದ್ದ.
ಕೊನೆಯ ರೇಸು ಹತ್ತೊಂಬತ್ತನೇ ಸುತ್ತಿಗೇ ಮುಗಿಯಿತು, ಎಂಜಿನ್ ಒಡೆದು.
ಇಳಿದು, ಮುದಿ ಹಸುವನ್ನು ತಟ್ಟುವಂತೆ
ಅದರ ನೆತ್ತಿ ತಟ್ಟಿ, ನಡೆದುಬಿಟ್ಟ.

ಚರ್ಚಿನ ನೆಲಮಾಳಿಗೆ, ಶುಕ್ರವಾರದ ಮೀನೂಟ.
ಎದುರು ಕುರ್ಚಿಯಲ್ಲಿ ಅವನು; ಅಷ್ಟರಲ್ಲಿ
ಎಂಜಿನ್ನುಗಳು ಅವನ ಎರಡೂ ಕಿವಿ ತಿಂದಿದ್ದವು.
ಹೇಳಿದೆ. ಏನೆಂದ. ಮತ್ತೆ ಹೇಳಿದೆ,
ಪಕ್ಕದ ಮೇಜಿನವರು ತಿರುಗುವಷ್ಟು ಜೋರಾಗಿ:
"ಒಂದು ಕಡಿಮೆ ಹಾಕಿದೆ ಆರ್ವಿನ್, ಆವತ್ತು ಒಂದು ಕಡಿಮೆ."
"ಹೌದು, ಉಪ್ಪು ಕಡಿಮೆ" ಎಂದು
ಉಪ್ಪಿನ ಡಬ್ಬಿ ನನ್ನ ಕಡೆ ಸರಿಸಿದ.
ನಾನು ಹಾಕಿಕೊಂಡೆ. ಬೇಕಿತ್ತೋ ಬೇಡವೋ.

ಮಾರ್ಚಿಯಲ್ಲಿ ಅವನನ್ನು ಮಣ್ಣು ಮಾಡಿದರು,
ಆ ಎಡಬಾಗಿಲಿನ ಕಂಪನಿಯವರೇ.

ಟ್ರ್ಯಾಕಿನಲ್ಲಿ ಈಗ ಕೌಂಟಿಯವರು
ಚಳಿಗಾಲದ ರಸ್ತೆಗೆ ಚೆಲ್ಲುವ ಉಪ್ಪು ರಾಶಿ ಹಾಕುತ್ತಾರೆ.
ಅಟ್ಟಣಿಗೆ ಇದ್ದ ಕಡೆಯಿಂದ ಹೊರಟೆ,
ಎಡಕ್ಕೆ, ಮತ್ತೆ ಎಡಕ್ಕೆ, ಕೋಲೂರಿಕೊಂಡು.
ಮೂರನೇ ತಿರುವಿನ ಗೋಡೆಯಲ್ಲಿ
ಕೊಟ್ಟಿಗೆಯ ಕೆಂಪು ಇನ್ನೂ ಒಂದು ಗೆರೆ ಉಳಿದಿದೆ;
ಅಲ್ಲಿ ಸ್ವಲ್ಪ ಕೂತೆ.
ಅವನ ಹತ್ತೊಂಬತ್ತು ಸೆಕೆಂಡಿಗೆ
ನನಗೆ ಇಪ್ಪತ್ತಾರು ನಿಮಿಷ.

ಲೋಡರ್ ನಿಲ್ಲಿಸಿ ಹುಡುಗನೊಬ್ಬ ಕೂಗಿದ:
"ಏನಾದರೂ ಕಳೆದುಕೊಂಡಿರಾ?"
"ಇಲ್ಲಪ್ಪ, ಎಣಿಸುತ್ತಿದ್ದೇನೆ."
"ಎಷ್ಟಾಯಿತು?"
"ನೂರು."